ಬದಲಾವಣೆಗೆ ಒಗ್ಗುವ ರೈಲು ನಿಲ್ದಾಣ: ಲಂಡನ್ ಮತ್ತು ಪ್ಯಾರಿಸ್‌ನ ಎರಡು ನಿದರ್ಶನಗಳು ಹಾಗೂ ಕರ್ನಾಟಕ

ರೈಲು ಪ್ರಯಾಣದ ಅಭಿವೃದ್ಧಿಯ ಚರ್ಚೆ ಬಹುಪಾಲು ಹೊಸ ಗಾಡಿಗಳು ಮತ್ತು ವೇಗದ ಸುತ್ತಲೇ ನಡೆಯುತ್ತದೆ. ಆದರೆ ಒಂದು ಬೋಗಿ ಕೆಲವು ದಶಕ ಓಡಿ ಮೂಲೆ ಸೇರಿದರೆ, ನಿಲ್ದಾಣವು ನೂರು ವರ್ಷ ದಾಟಿಯೂ ಬಳಕೆಯಲ್ಲಿರುತ್ತದೆ. ಆ ಅವಧಿಯಲ್ಲಿ ಗಾಡಿಯ ಉದ್ದ, ಅದನ್ನು ಎಳೆಯುವ ಶಕ್ತಿ, ಜನಸಂದಣಿ ಎಲ್ಲವೂ ಬದಲಾಗುವುದರಿಂದ, ಕಟ್ಟುವಾಗ ಊಹಿಸಿರದ ಬಳಕೆಗೂ ಎಡೆಕೊಡಬಲ್ಲ ನಿಲ್ದಾಣವನ್ನೇ ಒಗ್ಗುವ ನಿಲ್ದಾಣ ಎನ್ನಬೇಕಾಗುತ್ತದೆ. ಈ ಗುಣವು ಭವಿಷ್ಯವನ್ನು ಸರಿಯಾಗಿ ಊಹಿಸುವುದರಿಂದ ಬರುವುದಲ್ಲ; ಸುಲಭವಾಗಿ ಬದಲಿಸಲಾಗದ ಅಂಗಗಳಲ್ಲಿ, ಅಂದರೆ ಕಂಬಗಳ ಅಂತರ, ನೆಲದ ಮಟ್ಟ, ಪ್ಲಾಟ್‌ಫಾರ್ಮಿನ ಉದ್ದಗಲಗಳಲ್ಲಿ, ಧಾರಾಳತನ ತೋರುವುದರಿಂದ ಬರುತ್ತದೆ.

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಇದಕ್ಕೆ ಉತ್ತಮ ನಿದರ್ಶನ. 1868ರಲ್ಲಿ ತೆರೆದ ಈ ನಿಲ್ದಾಣಕ್ಕೆ ಬರುವ ಹಳಿಗಳು ರೀಜೆಂಟ್ಸ್ ಕಾಲುವೆಯನ್ನು ಮೇಲಿನಿಂದ ದಾಟಬೇಕಾಗಿದ್ದರಿಂದ ಪ್ಲಾಟ್‌ಫಾರ್ಮುಗಳು ಬೀದಿಯ ಮಟ್ಟಕ್ಕಿಂತ ಎತ್ತರದಲ್ಲಿ ನಿಂತವು. ಕೆಳಗೆ ಉಳಿದ ಜಾಗವನ್ನು ಎಂಜಿನಿಯರ್ ವಿಲಿಯಂ ಹೆನ್ರಿ ಬಾರ್ಲೋ ಮಣ್ಣಿನಿಂದ ತುಂಬಿಸದೆ, ಎರಕದ ಕಬ್ಬಿಣದ ಕಂಬಗಳ ಸಾಲುಗಳನ್ನು ನಿಲ್ಲಿಸಿ ಬರ್ಟನ್ ಪಟ್ಟಣದಿಂದ ಬರುತ್ತಿದ್ದ ಬಿಯರ್ ಪೀಪಾಯಿಗಳ ಉಗ್ರಾಣವಾಗಿಸಿದರು. ಕಂಬಗಳ ನಡುವಿನ ಅಂತರವನ್ನು ನಿಗದಿ ಮಾಡಿದ್ದೂ ಆ ಪೀಪಾಯಿಗಳ ಅಳತೆಯೇ. ಮೇಲಿನ ಕಮಾನು ಸುಮಾರು 240 ಅಡಿ ಅಗಲವನ್ನು ನಡುವೆ ಒಂದೂ ಕಂಬವಿಲ್ಲದೆ ದಾಟುತ್ತದೆ. ಕಮಾನಿನ ಎರಡು ಪಾದಗಳು ಹೊರಕ್ಕೆ ಜಾರದಂತೆ ಬಿಗಿದು ಹಿಡಿಯುವ ತೊಲೆಗಳು ಪ್ಲಾಟ್‌ಫಾರ್ಮಿನ ನೆಲದಡಿಯಲ್ಲೇ ಅಡಗಿರುವುದರಿಂದ ಮೇಲಿನ ಜಾಗವೆಲ್ಲ ತೆರವಾಗಿ ಉಳಿಯಿತು. 1960ರ ದಶಕದಲ್ಲಿ ಕೆಡವುವ ಮಾತು ಎದ್ದಿದ್ದ ಈ ಕಟ್ಟಡಕ್ಕೆ 1967ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. 2007ರಲ್ಲಿ ಯೂರೋಸ್ಟಾರ್ ಗಾಡಿಗಳು ಇಲ್ಲಿಗೆ ಬಂದಾಗ ಹಳೆಯ ಉಗ್ರಾಣವೇ ನಿರ್ಗಮನದ ಹಜಾರವೂ ಅಂಗಡಿಸಾಲೂ ಆಯಿತು. ಬೆಳಕಿಗಾಗಿ ಮೇಲಿನ ನೆಲವನ್ನು ಅಲ್ಲಲ್ಲಿ ಕತ್ತರಿಸಿ ತೆರೆದರೆ ಸಾಕಾಯಿತು. ಸುಮಾರು 400 ಮೀಟರ್ ಉದ್ದದ ಗಾಡಿಗೆ ಸುಮಾರು 210 ಮೀಟರಿನ ಹಳೆಯ ಚಾವಣಿ ಸಾಲದೆ ಹೋದಾಗ, ಉತ್ತರಕ್ಕೆ ಚಪ್ಪಟೆ ಚಾವಣಿಯೊಂದನ್ನು ಸೇರಿಸಲು ಅಲ್ಲಿ ಜಾಗವೂ ಇತ್ತು.

ಪ್ಯಾರಿಸ್‌ನ ಒರ್ಸೇ ನಿಲ್ದಾಣಕ್ಕೆ ಈ ಭಾಗ್ಯವಿರಲಿಲ್ಲ. ವಿಕ್ಟರ್ ಲಾಲೂ ರೂಪಿಸಿ 1900ರಲ್ಲಿ ತೆರೆದ ಈ ನಿಲ್ದಾಣ ತನ್ನ ಕಾಲಕ್ಕೆ ಅತ್ಯಾಧುನಿಕವಾಗಿದ್ದರೂ, ಗಾಡಿಗಳು ಉದ್ದವಾಗುತ್ತ ಹೋದಂತೆ ಅದರ ಪ್ಲಾಟ್‌ಫಾರ್ಮುಗಳು ಗಿಡ್ಡವಾಗಿ, 1939ರಲ್ಲಿ ದೂರದ ಗಾಡಿಗಳನ್ನು ಕಳೆದುಕೊಂಡಿತು. 1986ರಲ್ಲಿ ಅದು ಕಲಾ ವಸ್ತುಸಂಗ್ರಹಾಲಯವಾಗಿ ತೆರೆದದ್ದು ಸಂತೋಷದ ಸಂಗತಿಯೇ. ಕಟ್ಟಡವಾಗಿ ಅದು ಗೆದ್ದಿತು, ನಿಲ್ದಾಣವಾಗಿ ಸೋತಿತು.

ಕರ್ನಾಟಕಕ್ಕೆ ಈ ಹೋಲಿಕೆ ಈಗ ಬಹಳ ಮುಖ್ಯ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರ್ಮ್ ಉದ್ದದ ವಿಷಯದಲ್ಲಿ ಒರ್ಸೇಯ ಕೊರತೆಗೆ ಎಂದೂ ಸಿಲುಕದು. ಆದರೆ ಉದ್ದ ಹೆಚ್ಚಿದಷ್ಟೂ ವೃದ್ಧರಿಗೆ, ಹೊರೆ ಹೊತ್ತವರಿಗೆ ನಡಿಗೆಯೂ ಹೆಚ್ಚುವುದರಿಂದ ಮೇಲ್ಸೇತುವೆ ಮತ್ತು ಲಿಫ್ಟುಗಳ ಸ್ಥಾನವನ್ನೂ ಉದ್ದದ ಜೊತೆಗೇ ನಿರ್ಧರಿಸಬೇಕಾಗುತ್ತದೆ. ಇನ್ನೂ ತೊಡಕಿನ ಪ್ರಶ್ನೆ ಎತ್ತರದ್ದು. ಭಾರತೀಯ ರೈಲ್ವೆಯ ಎತ್ತರದ ಪ್ಲಾಟ್‌ಫಾರ್ಮ್ ಹಳಿಯ ಮಟ್ಟದಿಂದ 760ರಿಂದ 840 ಮಿಲಿಮೀಟರ್ ಮೇಲಿರುತ್ತದೆ. ಸಾಮಾನ್ಯ ಬೋಗಿಯ ನೆಲ ಅದಕ್ಕಿಂತ ಸುಮಾರು ಒಂದೂವರೆ ಅಡಿ ಮೇಲಿರುವುದರಿಂದ ಗಾಲಿಕುರ್ಚಿಯವರು ಇತರರ ನೆರವಿಲ್ಲದೆ ಹತ್ತಲಾರರು, ಮಗುವನ್ನು ಎತ್ತಿಕೊಂಡ ತಾಯಿ ಕಂಬಿ ಹಿಡಿಯಲು ಒಂದು ಕೈಯನ್ನು ಖಾಲಿ ಮಾಡಿಕೊಳ್ಳಲೇಬೇಕು. ದೂರದ ಗಾಡಿ ಹತ್ತು ನಿಮಿಷ ನಿಂತಾಗ ಹೇಗೋ ಸಾಗುವ ಈ ವ್ಯವಸ್ಥೆ, ಅರ್ಧ ನಿಮಿಷ ನಿಂತು ಹೊರಡಬೇಕಾದ ಉಪನಗರ ರೈಲಿಗೆ ನಡೆಯದು. ಕೇಂದ್ರ ಸಂಪುಟ 2020ರಲ್ಲಿ ಒಪ್ಪಿದ, ನಾಲ್ಕು ಮಾರ್ಗಗಳ ಸುಮಾರು 148 ಕಿಲೋಮೀಟರಿನ ಬೆಂಗಳೂರು ಉಪನಗರ ರೈಲು ಯೋಜನೆಯಲ್ಲಿ ಬೋಗಿಯ ನೆಲವೂ ಪ್ಲಾಟ್‌ಫಾರ್ಮಿನ ನೆಲವೂ ಒಂದೇ ಮಟ್ಟಕ್ಕೆ ಬರುವುದು ಆದ್ದರಿಂದ ಮೂಲಭೂತ ಅಗತ್ಯ.

2023ರಲ್ಲಿ ಕಾಮಗಾರಿ ಆರಂಭವಾದ ಅಮೃತ ಭಾರತ ನಿಲ್ದಾಣ ಯೋಜನೆಯಡಿ ದೇಶದ 1,300ಕ್ಕೂ ಹೆಚ್ಚು ನಿಲ್ದಾಣಗಳನ್ನು ಗುರುತಿಸಲಾಗಿದೆ. ಇವುಗಳ ಮುಂಭಾಗಕ್ಕೆ ಊರಿನ ಶಿಲ್ಪದ ಛಾಯೆ ಕೊಡುವುದು ಸ್ವಾಗತಾರ್ಹ. ಆದರೆ ಮುಂಭಾಗವನ್ನು ಮುಂದೆ ಯಾವಾಗ ಬೇಕಾದರೂ ಬದಲಿಸಬಹುದು, ಟಿಕೆಟ್ ಕೌಂಟರುಗಳನ್ನೂ ಅಂಗಡಿಗಳನ್ನೂ ಒಂದು ವಾರದಲ್ಲಿ ಎತ್ತಿಡಬಹುದು. ಹಳಿಗಳ ನಡುವೆ ಇಕ್ಕಟ್ಟಾಗಿ ಕಟ್ಟಿದ ಪ್ಲಾಟ್‌ಫಾರ್ಮನ್ನು ಇಡೀ ನಿಲ್ದಾಣವನ್ನು ಕದಡದೆ ಅಗಲ ಮಾಡಲಾಗದು. ನಕ್ಷೆಗೆ ಒಪ್ಪಿಗೆ ಕೊಡುವ ಅಧಿಕಾರಿಗಳು ಮುಂಭಾಗದ ಚಿತ್ರಕ್ಕಿಂತ ಮೊದಲು ಪ್ಲಾಟ್‌ಫಾರ್ಮಿನ ಅಗಲ, ಎತ್ತರ ಮತ್ತು ಕಂಬಗಳ ಅಂತರವನ್ನು ಪರಿಶೀಲಿಸಬೇಕು.