ಮೇಲೇರಿದಷ್ಟೂ ದೊಡ್ಡದಾಗುವ ಕಿಟಕಿಗಳು

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಗುಡ್ಡವೊಂದರ ಮೇಲೆ ಹಾರ್ಡ್‌ವಿಕ್ ಹಾಲ್ ಅನ್ನೋ ಕಲ್ಲಿನ ಮನೆಯಿದೆ. ಆರು ಗೋಪುರಗಳ ನೆತ್ತಿಯಲ್ಲಿ ದೂರಕ್ಕೇ ಕಾಣುವ ಹಾಗೆ ಕಲ್ಲಿನಲ್ಲಿ ಕೆತ್ತಿದ ಎರಡು ಅಕ್ಷರ: ಇ, ಎಸ್. ಎಲಿಜಬೆತ್ ಶ್ರೂಸ್‌ಬರಿ ಎಂಬ ಹೆಂಗಸಿನ ಗುರುತು ಅದು.

ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಅಲ್ಲಿನ ಕಾನೂನಿನಲ್ಲಿ ಮದುವೆಯಾದ ಹೆಣ್ಣಿನ ಆಸ್ತಿ ಗಂಡನ ಕೈಗೆ ಹೋಗುತ್ತಿತ್ತು. ಎಲಿಜಬೆತ್ ಹುಟ್ಟಿದ್ದು ಹಾರ್ಡ್‌ವಿಕ್‌ನ ಸಣ್ಣ ಜಮೀನ್ದಾರರ ಮನೆಯಲ್ಲಿ. ಜಮೀನು ಸೋದರ ಜೇಮ್ಸ್‌ನ ಪಾಲಾಯಿತು, ಅವನು ಸಾಲದಲ್ಲೇ ತೀರಿಕೊಂಡ. 1583ರಲ್ಲಿ ಆಕೆ ಅದನ್ನು ಮತ್ತೆ ಮನೆತನಕ್ಕೆ ಕೊಂಡು ತಂದಳು. 1590ರಲ್ಲಿ ನಾಲ್ಕನೇ ಗಂಡ ತೀರಿಹೋದ. ಅದೇ ವರ್ಷ ಹೊಸ ಮನೆಯ ಕೆಲಸ ಶುರು, 1597ರಲ್ಲಿ ಗೃಹಪ್ರವೇಶ.

ಮರಳುಗಲ್ಲು ಅದೇ ಗುಡ್ಡದ್ದು. ಗಾಜು ಆಕೆಯದೇ ಕಾರ್ಖಾನೆಯದ್ದು. ನಕ್ಷೆ ರಾಬರ್ಟ್ ಸ್ಮಿತ್ಸನ್‌ದು ಎನ್ನುತ್ತಾರೆ.

ಗಾಜು ಆಗ ವಿಪರೀತ ದುಬಾರಿ. ಹಾಗಾಗಿ ಕಿಟಕಿ ಅಂದರೆ ಐಶ್ವರ್ಯದ ಪ್ರದರ್ಶನ. ಆದರೆ ಗೋಡೆ ತುಂಬಾ ಕಿಟಕಿ ಕೊರೆದರೆ ಕಟ್ಟಡ ನಿಲ್ಲಬೇಕಲ್ಲ? ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಒಲೆ, ಹೊಗೆಗೂಡುಗಳನ್ನು ಹೊರಗೋಡೆಯಲ್ಲಿ ಇಡದೆ ಒಳಗೋಡೆಗಳೊಳಗೆ ಸೇರಿಸಿಬಿಟ್ಟರು. ಅಷ್ಟರಮಟ್ಟಿಗೆ ಹೊರಗೋಡೆ ಕಿಟಕಿಗಳಿಗೆ ಬಿಡುವಾಯಿತು.

ಹೊರಗಿಂದ ನೋಡಿದರೂ ಒಳಗಿನ ಮೇಲುಕೀಳು ಗೊತ್ತಾಗುತ್ತದೆ. ಕೆಳಗಿನ ಅಂತಸ್ತು ಆಳುಕಾಳುಗಳದ್ದು, ಛಾವಣಿ ತಗ್ಗು, ಕಿಟಕಿ ಚಿಕ್ಕದು. ನಡುವಿನದು ಮನೆಯವರದ್ದು. ಎಲ್ಲಕ್ಕಿಂತ ಮೇಲಿನದು ಗಣ್ಯರನ್ನು ಬರಮಾಡಿಕೊಳ್ಳಲು, ಅಲ್ಲೇ ಅತಿ ದೊಡ್ಡ ಕಿಟಕಿಗಳು. ಬೆಳಕನ್ನೂ ಅಂತಸ್ತು ನೋಡಿ ಹಂಚಿದ್ದಾರೆ!

ಮೇಲಿನ ಉದ್ದನೆಯ ಪಡಸಾಲೆ ಸುಮಾರು 50 ಮೀಟರ್ ಇದೆ. ಇಷ್ಟೊಂದು ಗಾಜಿದ್ದರೆ ಚಳಿಗಾಲದಲ್ಲಿ ಗತಿಯೇನು? ಗೋಡೆಗೆ ಚಿತ್ರ ನೇಯ್ದ ಭಾರೀ ಬಟ್ಟೆಗಳನ್ನು ಇಳಿಬಿಟ್ಟರು. ಅಂದಕ್ಕೆ ಅಂದ, ಚಳಿಗೂ ಒಂದಿಷ್ಟು ತಡೆ. ಅಂಥ 13 ಬಟ್ಟೆಗಳನ್ನು ಎಲಿಜಬೆತ್ 1592ರಲ್ಲಿ ಕೊಂಡದ್ದು ಹ್ಯಾಟನ್ ಎಂಬ ಮನೆತನದಿಂದ, ಸೆಕೆಂಡ್ ಹ್ಯಾಂಡ್. ಅವುಗಳ ಮೇಲೆ ಹ್ಯಾಟನ್ ಮನೆತನದ ಲಾಂಛನವಿತ್ತು. ಬದಲಾಯಿಸಲು ಖರ್ಚಾಗುತ್ತದೆಂದು ಬೆಲೆಯಲ್ಲಿ ಸೋಡಿ ಕೇಳಿ ಪಡೆದಳು. ಆಮೇಲೆ ಅದರ ಮೇಲೆಯೇ ತನ್ನ ಲಾಂಛನ ಬರೆಸಿದಳು. ಗೋಪುರದ ಮೇಲೆ ಹೆಸರು ಕೆತ್ತಿಸಿದವಳು ಕಾಸಿನ ಲೆಕ್ಕ ಬಿಟ್ಟವಳಲ್ಲ.

1608ರಲ್ಲಿ ಆಕೆ ತೀರಿಕೊಂಡಳು. ಹೊಸದನ್ನು ಕಟ್ಟಿಸುವ ಮುಂಚೆ ಕಟ್ಟಿಸಿದ್ದ ಹಳೆಯ ಮನೆ ಪಕ್ಕದಲ್ಲೇ ಇದೆ, ಈಗ ಸೂರಿಲ್ಲದೆ, ಬರೀ ಗೋಡೆಗಳಾಗಿ.