ಗುಳಿಗೆಯೊಂದರ ಹಿಂದಿನ ಕಥೆ



ಹೃದಯದ ಬಡಿತ ಲಯ ತಪ್ಪಿದ್ದರಿಂದ ಕೆಲವು ವರ್ಷಗಳಿಂದ ಡಿಜಾಕ್ಸಿನ್ ಎಂಬ ಗುಳಿಗೆಯನ್ನು ಸೇವಿಸುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಜೋಳದ ರೊಟ್ಟಿಯೂ ರುಚಿಸದಾಯಿತು, ವಾಕರಿಕೆ ಕಾಡತೊಡಗಿತು. ಮುಪ್ಪಿನ ಲಕ್ಷಣವೆಂದುಕೊಂಡು ಹದಿನೈದು ದಿನ ಯಾರಿಗೂ ಹೇಳಲಿಲ್ಲ. ಒಂದು ಮುಂಜಾನೆ ಮನೆಯವರು ಉಟ್ಟಿದ್ದ ಇಳಕಲ್ ಸೀರೆಯ ಸೆರಗಿನ ಬಿಳಿ ತೆನೆಗಳು ಹಳದಿಯಾಗಿ ಕಂಡವು. ಹೆದರಿ ಬಾಗಲಕೋಟೆಗೆ ಹೋದೆ. ವೈದ್ಯರು ರಕ್ತಪರೀಕ್ಷೆ ಮಾಡಿಸಿ ಗುಳಿಗೆಯ ಪ್ರಮಾಣವನ್ನು ಇಳಿಸಿದರು.

ಈ ಲಕ್ಷಣಗಳು ಹೊಸವಲ್ಲ. 1775ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವೈದರಿಂಗ್‌ನ ಗಮನಕ್ಕೆ ಮುದುಕಿಯೊಬ್ಬಳ ಮನೆಮದ್ದು ಬಂದಿತು. ಅದರ ಇಪ್ಪತ್ತಕ್ಕೂ ಹೆಚ್ಚು ಮೂಲಿಕೆಗಳಲ್ಲಿ ಗುಣಕಾರಿಯಾದದ್ದು ಫಾಕ್ಸ್‌ಗ್ಲೋವ್ ಗಿಡವೆಂದು ಆತ ಗುರುತಿಸಿದನು. 1785ರ ತನ್ನ ಗ್ರಂಥದಲ್ಲಿ ಗುಣವಾದವರ ಜೊತೆಗೆ ಗುಣವಾಗದವರ ವಿವರವನ್ನೂ ಕೊಟ್ಟನು. ಪ್ರಮಾಣ ಮೀರಿದರೆ ವಾಂತಿಯಾಗುವುದು, ವಸ್ತುಗಳು ಹಸಿರು, ಹಳದಿಯಾಗಿ ಕಾಣುವುದು, ನಾಡಿ ಮಂದವಾಗುವುದು ಎಂದೂ ಎಚ್ಚರಿಸಿದನು. 1930ರಲ್ಲಿ ಸಿಡ್ನಿ ಸ್ಮಿತ್ ಅದೇ ಕುಲದ ಇನ್ನೊಂದು ಗಿಡದಿಂದ ಡಿಜಾಕ್ಸಿನ್ ಅನ್ನು ಬೇರ್ಪಡಿಸಿದನು. ಬಾದಾಮಿ, ಹುನಗುಂದದ ಕಡೆ ನಾವು ದೇವರಿಗೆ ಏರಿಸುವ ಕಣಗಿಲೆಯಲ್ಲಿಯೂ ಇದೇ ಬಗೆಯ ವಿಷವಿದೆ.

ಈ ಔಷಧದಲ್ಲಿ ಮದ್ದಿಗೂ ವಿಷಕ್ಕೂ ಅಂತರ ಕಡಿಮೆ. ವಯಸ್ಸಾಗಿ ಮೂತ್ರಪಿಂಡ ದುರ್ಬಲವಾದರೆ, ಬೇಸಿಗೆಯಲ್ಲಿ ಮೈಯ ನೀರು ಇಂಗಿದರೆ ಅದು ದೇಹದಲ್ಲಿಯೇ ಉಳಿದು ಹೆಚ್ಚುತ್ತದೆ. ಆದ್ದರಿಂದ ಇಂಥ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿರಿ. ತೊಂದರೆಯನ್ನು ಮುಚ್ಚಿಡಲೂ ಬೇಡಿರಿ. ಕೂಡಲೇ ವೈದ್ಯರಿಗೆ ತಿಳಿಸಿರಿ.

ವೈದರಿಂಗ್ ತನ್ನ ಸೋಲುಗಳನ್ನೂ ಬರೆದಿಟ್ಟನು. ತಪ್ಪಿದ ಲೆಕ್ಕವನ್ನು ಅಳಿಸದೆ ತೋರಿಸಿರೆಂದು ತರಗತಿಯಲ್ಲಿ ನಿಮಗೆ ಹೇಳುತ್ತಿದ್ದ ನಾನು ಮಾತ್ರ ವಾಕರಿಕೆಯನ್ನು ಹೇಳಲೂ ಸಂಕೋಚಪಟ್ಟೆ!