ರೇಷ್ಮೆಯ ಪಟ್ಟಿ ಮತ್ತು ಅದನ್ನಿಟ್ಟ ಪೆಟ್ಟಿಗೆ

ಮನೆಯಲ್ಲಿ ಹೆಣ್ಣುಮಕ್ಕಳನ್ನು ಬೆಳೆಸಿದವರಿಗೆಲ್ಲ ಪರಿಚಿತವಾದ ಡಬ್ಬಿಯೊಂದುಂಟು. ಮೊದಲು ಅದರಲ್ಲಿ ಬಿಸ್ಕತ್ತು ಬಂದಿರುತ್ತದೆ. ಬಿಸ್ಕತ್ತು ತೀರಿದ ಮೇಲೆ ಜಡೆಯ ಟೇಪು, ಹಳೆಯ ಲಂಗದ ಅಂಚಿನಿಂದ ಬಿಚ್ಚಿದ ಲೇಸು, ಉಡುಗೊರೆಗೆ ಸುತ್ತಿ ಬಂದ ಬಣ್ಣದ ರಿಬ್ಬನ್ನು, ರವಕೆಗೆ ಹಚ್ಚಿ ಮಿಕ್ಕ ಸರಿಗೆಯ ತುಂಡು ಇವೆಲ್ಲ ಅದರೊಳಗೆ ಬಂದು ಸೇರುತ್ತವೆ. ಬೇಕಾದ ಒಂದನ್ನು ಎಳೆದರೆ ಬೇಡದ ಹತ್ತು ಅದರ ಬೆನ್ನುಹತ್ತಿ ಬರುತ್ತವೆ. ಇಂಥ ಡಬ್ಬಿಯನ್ನು ಕುರಿತೂ ಚರಿತ್ರೆಯ ಉಪನ್ಯಾಸವೇ ಎಂದು ಕೇಳುಗರು ನಗಬಹುದು. ನಮ್ಮ ಅಜ್ಜಿಯವರ ಟ್ರಂಕನ್ನು ತೆರೆಯುವವರೆಗೆ ನಾವೂ ಹಾಗೆಯೇ ನಗುತ್ತಿದ್ದೆವು.

ಆ ಟ್ರಂಕಿನ ತಳದಲ್ಲಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಒಂದು ಕುಲಾವಿ ಇತ್ತು. ಗದ್ದದ ಕೆಳಗೆ ಕಟ್ಟುವುದಕ್ಕೆ ಅದಕ್ಕೆ ನೂಲಿನ ಕಸೆ. ನೆತ್ತಿಯ ಮೇಲೆ ಸೀಮೆಯಿಂದ ಬಂದ ರೇಷ್ಮೆಯ ರಿಬ್ಬನ್ನಿನಲ್ಲಿ ಮಾಡಿದ ಹೂವು. ಹೂವು ಮಾಡಿ ಮಿಕ್ಕಿದ್ದ ಒಂದು ಗಜದಷ್ಟು ರಿಬ್ಬನ್ನನ್ನು ಅಜ್ಜಿಯವರು ಅಚ್ಚುಕಟ್ಟಾಗಿ ಮಡಿಚಿ ಪಕ್ಕದಲ್ಲಿಟ್ಟಿದ್ದರು. ಅದನ್ನು ಕೈಗೆತ್ತಿಕೊಂಡು ಬಿಡಿಸಿದೆವು. ಒಣಗಿದ ಬಾಳೆಯೆಲೆಯಂತೆ ಅದು ಪ್ರತಿಯೊಂದು ಮಡಿಕೆಯಲ್ಲಿಯೂ ಮುರಿದು ತುಂಡುತುಂಡಾಗಿ ನಮ್ಮ ಅಂಗೈಮೇಲೆ ಉಳಿಯಿತು. ನೂಲಿನ ಕಸೆಗೆ ಮಾತ್ರ ಏನೂ ಆಗಿರಲಿಲ್ಲ. ಬೆಲೆಯುಳ್ಳದ್ದು ಸತ್ತು ಬೆಲೆಯಿಲ್ಲದ್ದು ಬದುಕಿದ್ದೇಕೆ? ಇಟ್ಟವರ ಕೈಯಲ್ಲಿ ತಪ್ಪಿತ್ತೆ, ಇಟ್ಟ ವಸ್ತುವಿನಲ್ಲಿಯೇ ತಪ್ಪಿತ್ತೆ? ಇದನ್ನು ತಿಳಿಯಬೇಕಾದರೆ ಈ ವಸ್ತು ಬಂದ ದೇಶದ ಕಡೆಗೆ ಸ್ವಲ್ಪ ಹೋಗಿಬರಬೇಕಾಗುತ್ತದೆ.

ಯೂರೋಪಿನಲ್ಲಿ ರಿಬ್ಬನ್ನು ಮೊದಲಿನಿಂದಲೂ ಹೆಂಗಸರ ಸೊತ್ತಾಗಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಅಲ್ಲಿನ ಶ್ರೀಮಂತ ಗಂಡಸರು ಮಂಡಿಗೂ ತೋಳಿಗೂ ಪಾದರಕ್ಷೆಗೂ ಗಜಗಟ್ಟಲೆ ರಿಬ್ಬನ್ನು ಕಟ್ಟಿಕೊಂಡು ಮೆರೆದರು. ಮೊದಮೊದಲು ಮಗ್ಗವೊಂದಕ್ಕೆ ಒಂದೇ ಪಟ್ಟಿಯಂತೆ ನೇಯುತ್ತಿದ್ದರು. ಆದಕಾರಣ ಬೆಲೆಯೂ ಹೆಚ್ಚಾಗಿತ್ತು. ಹಲವು ಪಟ್ಟಿಗಳನ್ನು ಒಟ್ಟಿಗೆ ನೇಯುವ ಮಗ್ಗ ಬಂದೊಡನೆ ನೇಕಾರರಲ್ಲಿ ಹಾಹಾಕಾರವೆದ್ದಿತು. ೧೬೭೫ರಲ್ಲಿ ಲಂಡನ್ನಿನ ನೇಕಾರರು ದಂಗೆಯೆದ್ದು ಅಂಥ ಮಗ್ಗಗಳನ್ನು ಮುರಿದರು. ೧೬೮೫ರಲ್ಲಿ ಜರ್ಮನಿಯ ಚಕ್ರವರ್ತಿ ಅದರ ಬಳಕೆಯನ್ನೇ ನಿಷೇಧಿಸಿದನು. ಹ್ಯಾಂಬರ್ಗ್ ನಗರದಲ್ಲಿ ಸಭೆಯ ಅಪ್ಪಣೆಯಂತೆ ಅದನ್ನು ಬಹಿರಂಗವಾಗಿ ಸುಟ್ಟರು. ಸುಟ್ಟರೂ ಅದು ಸಾಯಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್, ಫ್ರಾನ್ಸಿನ ಸೇಂತ್ ಎತಿಯೆನ್, ಇಂಗ್ಲೆಂಡಿನ ಕಾವೆಂಟ್ರಿ ಮುಂತಾದ ಊರುಗಳು ಆ ಮಗ್ಗದಿಂದಲೇ ಹೆಸರಾದವು. ಬಾಸೆಲಿನ ಸುತ್ತಣ ಹಳ್ಳಿಗಳಲ್ಲಿ ಮಗ್ಗ ರೈತನ ಮನೆಯ ನಡುವಿನ ಕೋಣೆಯಲ್ಲಿಯೇ ನಿಂತು, ಉಳುವವರೇ ನೇಯುವವರೂ ಆದರು.

ಇದರ ಫಲವಾಗಿ ರಿಬ್ಬನ್ನು ಅಗ್ಗವಾಯಿತು. ರೇಷ್ಮೆಯ ಉಡುಪನ್ನು ಕನಸಿನಲ್ಲಿಯೂ ಕಾಣದ ಕೆಲಸದ ಹುಡುಗಿ ಒಂದು ಗಜ ರೇಷ್ಮೆಯ ಒಡತಿಯಾದಳು. ಊರೂರು ತಿರುಗುವ ಮಾರಾಟಗಾರನ ಗಂಟಿನಲ್ಲಿ, ಜಾತ್ರೆಯ ಅಂಗಡಿಯಲ್ಲಿ ಅದು ದೊರೆಯುತ್ತಿತ್ತು; ಪ್ರಿಯನು ಪ್ರಿಯೆಗೆ ಕೊಡುವ ವಾಡಿಕೆಯ ಕಾಣಿಕೆಯೂ ಅದೇ ಆಗಿತ್ತು. ಅವಳು ಅದನ್ನು ಟೊಪ್ಪಿಗೆಗೆ ಕಟ್ಟುವಳು. ಟೊಪ್ಪಿಗೆ ಹಳತಾದರೆ ಬಿಚ್ಚಿ, ಒಗೆದು, ಇಸ್ತ್ರಿಮಾಡಿ ಮತ್ತೊಂದಕ್ಕೆ ಕಟ್ಟುವಳು. ತುದಿ ಬಿರಿದರೆ ಕತ್ತರಿಸಿ ಕೂಸಿನ ತೋಳಿಗೆ ಕಟ್ಟುವಳು. ಹೀಗೆ ಜೋಪಾನಮಾಡಿದ್ದರಿಂದಲೇ ಅದು ಸವೆದು ಇಲ್ಲವಾಯಿತು. ಆ ಕಾಲದ ಬಡವರ ಮನೆಗಳ ಪೆಟ್ಟಿಗೆಗಳಿಂದ ಇಂದಿಗೆ ಉಳಿದುಬಂದಿರುವ ರಿಬ್ಬನ್ನು ತೀರ ಅಪರೂಪ. ಅರಸರ ಉಡುಪುಗಳು ಉಳಿದಿವೆ. ಅಡಿಗೆಯವಳ ತಲೆಯ ಪಟ್ಟಿ ಹೇಗಿತ್ತೆಂಬುದನ್ನು ಎಲ್ಲಿ ನೋಡಬೇಕು?

ಅದನ್ನು ನೋಡಬೇಕಾದ ಸ್ಥಳ ಬಹಳ ದುಃಖದ ಸ್ಥಳ. ಥಾಮಸ್ ಕೋರಮ್ ಎಂಬ ಹಡಗಿನ ಕಪ್ತಾನನು ಹಲವು ವರ್ಷ ದೊರೆಗಳ ಬಾಗಿಲು ತಟ್ಟಿ, ೧೭೩೯ರಲ್ಲಿ ರಾಜಸನ್ನದು ಪಡೆದು, ಲಂಡನ್ನಿನಲ್ಲಿ ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಹಾಸ್ಪಿಟಲ್ ಎಂಬ ಹೆಸರಿದ್ದರೂ ಅದು ಆಸ್ಪತ್ರೆಯಲ್ಲ. ಸಾಕಲಾರದೆ ತಾಯಂದಿರು ಬಿಟ್ಟುಕೊಡುವ ಶಿಶುಗಳಿಗೆ ಆಶ್ರಯ. ೧೭೪೧ರಲ್ಲಿ ಮೊದಲ ಕೂಸುಗಳು ಅಲ್ಲಿಗೆ ಬಂದುವು. ಒಳಗೆ ಬಂದ ಕೂಸಿಗೆ ಹೊಸ ಹೆಸರಿಡುತ್ತಿದ್ದರು. ತಾಯಿಯ ಹೆಸರನ್ನು ಕೇಳುತ್ತಿರಲಿಲ್ಲ. ಹಾಗಾದರೆ ಮುಂದೆಂದಾದರೂ ಅವಳ ಕೈಗೂಡಿ, ಕೂಸನ್ನು ಮರಳಿ ಪಡೆಯಲು ಬಂದರೆ ಗುರುತು ಹೇಗೆ? ಅದಕ್ಕಾಗಿ ಗುಮಾಸ್ತನು ಒಂದು ಅಚ್ಚಾದ ಕಾಗದದ ಮೇಲೆ ಬಂದ ದಿನ, ಹೆಣ್ಣೋ ಗಂಡೋ, ಮೈಮೇಲಿದ್ದ ಬಟ್ಟೆಗಳು ಇವನ್ನು ಬರೆದುಕೊಂಡು, ಆ ಬಟ್ಟೆಯಿಂದ ಕತ್ತರಿಸಿದ ಒಂದು ಚೂರನ್ನೋ ತಾಯಿ ಕೊಟ್ಟ ಬೇರೊಂದು ಗುರುತನ್ನೋ ಅದಕ್ಕೆ ಗುಂಡುಸೂಜಿಯಿಂದ ಚುಚ್ಚಿಡುತ್ತಿದ್ದನು. ಅವುಗಳಲ್ಲಿ ರಿಬ್ಬನ್ನುಗಳು ಎಷ್ಟೋ ಇವೆ. ೧೭೪೩ರಲ್ಲಿ ಬಂದ ಒಂದು ಹೆಣ್ಣುಕೂಸಿನ ಜೊತೆಗೆ ಹಳದಿ, ನೀಲಿ, ಹಸಿರು, ಗುಲಾಬಿ ಬಣ್ಣದ ನಾಲ್ಕು ಕಿರುಪಟ್ಟಿಗಳು ಒಂದೇ ಗಂಟಿನಲ್ಲಿ ಬಂದುವು. ಯಾವ ಜಾತ್ರೆಯಲ್ಲಿ ಯಾರು ಕೊಡಿಸಿದ್ದೋ!

ಈ ಕಾಗದಗಳನ್ನು ಮುಂದೆ ದಪ್ಪ ಸಂಪುಟಗಳಾಗಿ ರಟ್ಟುಕಟ್ಟಿ ಇಟ್ಟರು. ಬಟ್ಟೆಯ ಚೂರುಗಳೇ ಐದು ಸಾವಿರಕ್ಕೆ ಮಿಕ್ಕಿವೆ. ಹದಿನೆಂಟನೆಯ ಶತಮಾನದ ಸಾಮಾನ್ಯ ಜನರ ಬಟ್ಟೆಗಳ ಇಷ್ಟು ದೊಡ್ಡ ಸಂಗ್ರಹ ಬ್ರಿಟನ್ನಿನಲ್ಲಿ ಬೇರೊಂದಿಲ್ಲ. ೨೦೧೦ರಲ್ಲಿ ಜಾನ್ ಸ್ಟೈಲ್ಸ್ ಎಂಬ ಚರಿತ್ರಕಾರರು ಇವುಗಳಲ್ಲಿ ಕೆಲವನ್ನು ಆರಿಸಿ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟರು. ನೋಡಿದವರು ಬೆರಗಾದದ್ದು ಬಣ್ಣವನ್ನು ಕಂಡು. ಎರಡೂವರೆ ನೂರು ವರ್ಷಗಳ ಕಡುಬಡವರ ಪಟ್ಟಿ ಮೊನ್ನೆ ಕೊಂಡದ್ದರಂತೆ ಹೊಳೆಯುತ್ತಿತ್ತು. ಅದನ್ನು ಯಾರೂ ಉಪಾಯದಿಂದ ಕಾಪಾಡಿದ್ದಲ್ಲ. ಮುಚ್ಚಿದ ಪುಸ್ತಕದೊಳಗೆ ಬೆಳಕಿರಲಿಲ್ಲ; ಕೈಸೋಂಕು ಇರಲಿಲ್ಲ; ಮಡಿಚಿ ಬಿಚ್ಚುವವರು ಇರಲಿಲ್ಲ. ಬಿಚ್ಚಬೇಕಾಗಿದ್ದವರು ಬರಲಿಲ್ಲ ಎಂದು ಹೇಳುವುದೇ ಸರಿ. ೧೭೪೧ರಿಂದ ೧೭೬೦ರವರೆಗೆ ಅಲ್ಲಿಗೆ ಬಂದ ಕೂಸುಗಳು ೧೬,೨೮೨. ತಾಯಿತಂದೆಗಳು ಮರಳಿ ಪಡೆದದ್ದು ೧೫೨. ಅವುಗಳ ಪೈಕಿ ಸುಮಾರು ಹದಿನೈದು ಸಾವಿರ ಕೂಸುಗಳು, ಪಾರ್ಲಿಮೆಂಟಿನ ಹಣದಿಂದ ಬಂದವರನ್ನೆಲ್ಲ ಸೇರಿಸಿಕೊಂಡ ೧೭೫೬ರಿಂದ ೧೭೬೦ರವರೆಗಿನ ನಾಲ್ಕೇ ವರ್ಷಗಳಲ್ಲಿ ಬಂದಂಥವು. ಇವುಗಳಲ್ಲಿ ಮೂರರಲ್ಲಿ ಎರಡು ಪಾಲು ತೀರಿಕೊಂಡವು. ಗುರುತು ಫಲಿಸಿದ್ದೂ ಉಂಟು. ೧೭೬೭ರಲ್ಲಿ ಬಂದ ಒಂದು ಗಂಡುಕೂಸಿನ ಜೊತೆಗೆ, ಹೃದಯದ ಆಕಾರವನ್ನು ಕಸೂತಿಮಾಡಿ ನಡುವೆ ಕತ್ತರಿಸಿದ ತೇಪೆಬಟ್ಟೆಯ ಅರ್ಧಭಾಗವಿತ್ತು. ಸೇರಾ ಬೆಂಡರ್ ಎಂಬ ಆ ತಾಯಿ ೧೭೭೫ರಲ್ಲಿ ಬಂದು ಎಂಟು ವರ್ಷದ ಮಗನನ್ನು ಕರೆದುಕೊಂಡು ಹೋದಳು.

ಇನ್ನು ಹತ್ತೊಂಬತ್ತನೆಯ ಶತಮಾನ. ಕಾವೆಂಟ್ರಿಯ ರಿಬ್ಬನ್ನಿನ ಕಸಬನ್ನು ಬಹುಕಾಲ ಕಾಪಾಡಿದ್ದು ಕಾನೂನು. ೧೭೬೬ರಿಂದ ೧೮೨೬ರವರೆಗೆ ಪರದೇಶದ ರೇಷ್ಮೆಯ ಬಟ್ಟೆ ಇಂಗ್ಲೆಂಡಿಗೆ ಬರಕೂಡದೆಂದಿತ್ತು. ಅನಂತರವೂ ಸುಂಕದ ಆಸರೆಯಿತ್ತು. ೧೮೬೦ರಲ್ಲಿ ಫ್ರಾನ್ಸಿನೊಡನೆ ಒಡಂಬಡಿಕೆಯಾಗಿ ಆ ಸುಂಕವೂ ಹೋಯಿತು. ಫ್ರೆಂಚರ ರಿಬ್ಬನ್ನು ನುಗ್ಗಿತು. ಸಾವಿರಾರು ನೇಕಾರರು ಕೆಲಸ ಕಳೆದುಕೊಂಡು ಊರು ಬಿಟ್ಟರು. ಆ ಸಂಕಟದಲ್ಲಿ ಥಾಮಸ್ ಸ್ಟೀವನ್ಸ್ ಎಂಬಾತನಿಗೆ ಒಂದು ಯೋಚನೆ ಹೊಳೆಯಿತು. ಉಡುವುದಕ್ಕೆ ರಿಬ್ಬನ್ನು ಬೇಡವಾದರೆ ಇಟ್ಟುಕೊಳ್ಳುವುದಕ್ಕೆಂದೇ ರಿಬ್ಬನ್ನು ನೇಯಬಾರದೇಕೆ? ೧೮೬೨ರ ಹೊತ್ತಿಗೆ ಅವನು ಜಕಾರ್ಡ್ ಮಗ್ಗದಲ್ಲಿ ಚಿತ್ರವೂ ಅಕ್ಷರವೂ ಕೂಡಿದ ರೇಷ್ಮೆಯ ಪಟ್ಟಿಗಳನ್ನು, ಪುಸ್ತಕದ ಹಾಳೆಗಳ ನಡುವೆ ಗುರುತಿಗೆ ಇಡತಕ್ಕವನ್ನು, ನೇಯಿಸಿ ಮಾರತೊಡಗಿದನು. ಜನ ಮುಗಿಬಿದ್ದು ಕೊಂಡರು. ಅದೇ ಊರಿನ ಕ್ಯಾಶ್ ಸೋದರರ ಕಾರ್ಖಾನೆ ಮಕ್ಕಳ ಉಡುಪಿಗೆ ಹೊಲಿಯುವ ಹೆಸರಿನ ಪಟ್ಟಿಗಳಿಂದ ಹೆಸರಾಯಿತು. ಸ್ಟೀವನ್ಸನ ಪುಸ್ತಕದ ಗುರುತುಗಳನ್ನು ಸಂಗ್ರಹಿಸುವವರು ಈಗಲೂ ಇದ್ದಾರೆ. ಅವು ಉಳಿದದ್ದಕ್ಕೆ ಫೌಂಡ್ಲಿಂಗ್ ಸಂಪುಟಗಳ ಕಾರಣವೇ ಕಾರಣ: ಹಾಳೆಗಳ ನಡುವಣ ಕತ್ತಲೆ.

ಹೀಗಿರಲು ನಮ್ಮ ಅಜ್ಜಿಯವರ ರಿಬ್ಬನ್ನೂ ಕತ್ತಲೆಯಲ್ಲಿಯೇ ಇದ್ದುದಲ್ಲವೆ? ಇಲ್ಲಿ ಮತ್ತೊಂದು ಸಂಗತಿ ಅಡ್ಡಬರುತ್ತದೆ. ರೇಷ್ಮೆಯ ನೂಲು ಬಿಚ್ಚಾಣಿಕೆಯ ಸೀಮೆಯವರಾದ ಮೈಸೂರಿನ ಕೇಳುಗರಿಗೆ ತಿಳಿದಿರುವಂತೆ, ಕಚ್ಚಾ ರೇಷ್ಮೆಯ ಎಳೆಯ ಮೇಲೆ ಒಂದು ಅಂಟು ಇರುತ್ತದೆ. ಸಾಬೂನಿನ ನೀರಿನಲ್ಲಿ ಕುದಿಸಿ ಆ ಅಂಟನ್ನು ತೆಗೆದರೆ ಹೊಳಪು ಬರುತ್ತದೆ. ಆದರೆ ತೂಕದಲ್ಲಿ ಸುಮಾರು ಕಾಲುಭಾಗ ಇಳಿದುಹೋಗುತ್ತದೆ. ತೂಕಕ್ಕೆ ಮಾರುವ ವಸ್ತುವಿನಲ್ಲಿ ಇದನ್ನು ಸಹಿಸುವ ವ್ಯಾಪಾರಿ ಯಾರು? ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಣ್ಣಗಾರರು ತವರದ ಲವಣಗಳ ದ್ರಾವಣದಲ್ಲಿ ರೇಷ್ಮೆಯನ್ನು ಅದ್ದಿ, ಹೋದ ತೂಕವನ್ನು ತುಂಬಿದ್ದಲ್ಲದೆ ಅದಕ್ಕಿಂತ ಹೆಚ್ಚನ್ನೂ ಸೇರಿಸತೊಡಗಿದರು. ಅಂಥ ರಿಬ್ಬನ್ನು ಹೊಸದರಲ್ಲಿ ಕೈಗೆ ಭಾರವಾಗಿ, ಜಲಪಾತದಂತೆ ಇಳಿಬೀಳುತ್ತ, ಬಲು ಶ್ರೀಮಂತವಾಗಿ ಕಾಣುತ್ತಿತ್ತು. ಕೆಲವು ದಶಕಗಳಲ್ಲಿ ಆ ಲೋಹವೇ ಎಳೆಯನ್ನು ತಿಂದು, ಮಡಿಕೆ ಬಿದ್ದಲ್ಲೆಲ್ಲ ಅದು ಸೀಳಿಬಿಡುತ್ತಿತ್ತು. ಅದೇ ಶತಮಾನದ ಇನ್ನೊಂದು ವರವಾದ ಕೃತಕ ಬಣ್ಣಗಳೂ ಹೀಗೆಯೇ: ೧೮೫೬ರಲ್ಲಿ ಪರ್ಕಿನ್ ಕಂಡುಹಿಡಿದ ನೇರಿಳೆಬಣ್ಣದ ಹಿಂದೆ ಬಂದ ಎಷ್ಟೋ ಬಣ್ಣಗಳು ಮೊದಲು ಕಣ್ಣು ಕೋರೈಸಿ ಆಮೇಲೆ ಬಿಸಿಲಿಗೆ ಬಿಳಿಚಿದವು. ಕಡುಬಡವರ ರಿಬ್ಬನ್ನು ಇನ್ನೂರೈವತ್ತು ವರ್ಷ ಬಾಳಿದ್ದಕ್ಕೂ, ಅಜ್ಜಿಯವರ ಸೀಮೆ ರಿಬ್ಬನ್ನು ನೂರನ್ನು ಕಾಣದೆ ಮುರಿದದ್ದಕ್ಕೂ ಇದು ಮುಖ್ಯ ಕಾರಣವೆಂದು ನಾವು ಎಣಿಸಿದ್ದೇವೆ. ಅವರ ಕೈಯಲ್ಲಿ ತಪ್ಪಿರಲಿಲ್ಲ. ಅಥವಾ ತಪ್ಪಿದ್ದರೆ ಒಂದೇ, ಸುತ್ತಿಡಬೇಕಾದದ್ದನ್ನು ಮಡಿಚಿಟ್ಟದ್ದು.

ಅದನ್ನು ಅವರು ಅರಿಯದವರೂ ಅಲ್ಲ. ತಮ್ಮ ಸರಿಗೆಯ ಸೀರೆಗಳನ್ನು ಅವರು ಕೆಲವು ತಿಂಗಳಿಗೊಮ್ಮೆ ಹೊರತೆಗೆದು, ನೆರಳಿನಲ್ಲಿ ಗಾಳಿಗೆ ಹರವಿ, ಹಳೆಯ ಮಡಿಕೆ ತಪ್ಪಿಸಿ ಬೇರೆ ಮಡಿಕೆ ಹಾಕಿ, ಮಾಸಿದ ಮೆತ್ತನೆಯ ಪಂಚೆಯಲ್ಲಿ ಸುತ್ತಿಡುತ್ತಿದ್ದರು. ಸರಿಗೆಯ ಬಳಿ ನುಸಿಗುಳಿಗೆ ಸುಳಿಯಬಾರದೆಂಬುದು ಅವರ ಕಟ್ಟಪ್ಪಣೆ. ಸೀರೆಗೆ ಸಲ್ಲುವ ಈ ಶಾಸ್ತ್ರ ಮಿಕ್ಕ ಗಜ ರಿಬ್ಬನ್ನಿಗೂ ಸಲ್ಲುತ್ತದೆಂದು ಅವರಿಗೆ ತೋರಲಿಲ್ಲ, ಅಷ್ಟೆ; ಬಿಸ್ಕತ್ತಿನ ಡಬ್ಬಿಯ ವಿಷಯದಲ್ಲಿ ನಮಗೂ ತೋರಿರಲಿಲ್ಲ.

ಈಗ ನಾವು ಆ ಡಬ್ಬಿಯನ್ನು ಬರಿದುಮಾಡಿದ್ದೇವೆ. ಪಟ್ಟಿಗಳನ್ನೆಲ್ಲ ಬೆರಳು ದಪ್ಪಕ್ಕಿಂತ ದೊಡ್ಡದಾದ ಸುರುಳಿಯ ಮೇಲೆ, ನಡುವೆ ಬಿಳಿಯ ತೆಳುಕಾಗದವಿಟ್ಟು, ಬಿಗಿಯದೆ ಸುತ್ತಿದೆವು. ಬಿಚ್ಚಿಕೊಳ್ಳದಂತೆ ಕಟ್ಟಿದ್ದು ನೂಲಿನ ದಾರ. ಗುಂಡುಸೂಜಿ ಕಲೆ ಬಿಡುತ್ತದೆ. ರಬ್ಬರಿನಲ್ಲಿರುವ ಗಂಧಕ ಸರಿಗೆಯ ಬೆಳ್ಳಿಯನ್ನು ಕಪ್ಪುಮಾಡುತ್ತದೆ. ಸುದ್ದಿಪತ್ರಿಕೆಯ ಕಾಗದ ತಾನು ಹಳದಿಯಾಗುತ್ತ ಸುತ್ತಣದ್ದನ್ನೂ ಕೆಡಿಸುತ್ತದೆ, ಅದನ್ನು ದೂರವಿಟ್ಟೆವು. ಸರಿಗೆಯನ್ನು ರೇಷ್ಮೆಯಿಂದ ಬೇರೆಮಾಡಿದೆವು. ಜೋಡಿಸುವ ಕ್ರಮವನ್ನು ಮಾತ್ರ ಯೂರೋಪಿನ ರಿಬ್ಬನ್ನಿನ ವ್ಯಾಪಾರಿಗಳಿಂದ ಕಲಿತೆವು. ಅವರು ತಾವು ನೇಯಿಸಿದ್ದರ ಒಂದೊಂದು ತುಂಡನ್ನು ಸಂಖ್ಯೆಯೊಡನೆ ಮಾದರಿಯ ಪುಸ್ತಕಕ್ಕೆ ಹಚ್ಚಿಡುತ್ತಿದ್ದರು. ತುಂಡನ್ನು ನೋಡಿದರೆ ಸುರುಳಿಯನ್ನು ಕೆದಕಬೇಕಾಗಿರಲಿಲ್ಲ. ನಮ್ಮಲ್ಲಿಯೂ ಅಂಥ ಒಂದು ಪುಟ್ಟ ಪುಸ್ತಕವಾಗಿದೆ. ಪ್ರತಿ ತುಂಡಿನ ಎದುರಿಗೆ ಅದು ಯಾರದು, ಯಾವುದಕ್ಕೆ ಹಚ್ಚಿದ್ದು ಎಂದು ಬರೆದಿದ್ದೇವೆ. ದೊಡ್ಡ ಮಗಳ ಶಾಲೆಯ ಟೇಪು, ಸೊಸೆಯ ಸೀಮಂತದ ರವಕೆಯ ಸರಿಗೆ, ಹೀಗೆ.

ಕೊನೆಯ ಪುಟಕ್ಕೆ ಕುಲಾವಿಯ ರಿಬ್ಬನ್ನಿನ ಮುರುಕುಗಳನ್ನು ತೆಳುಕಾಗದದ ಲಕೋಟೆಯಲ್ಲಿಟ್ಟು ಸೇರಿಸಿದೆವು. ಅದು ಯಾವ ಕೂಸಿನ ಕುಲಾವಿಯೆಂದು ಮನೆಯ ಹಿರಿಯರನ್ನೆಲ್ಲ ವಿಚಾರಿಸಿದ್ದಾಯಿತು. ನಮ್ಮ ತಂದೆಯವರದಲ್ಲ, ಚಿಕ್ಕಪ್ಪನವರದೂ ಅಲ್ಲ. ಇವರಿಬ್ಬರ ನಡುವೆ ಹುಟ್ಟಿ ವರ್ಷ ತುಂಬುವುದರೊಳಗೆ ಹೋದ ಒಂದು ಹೆಣ್ಣುಕೂಸಿದ್ದಿತೆಂದು ನಮ್ಮ ಸೋದರತ್ತೆಯವರು ತಮ್ಮ ತಾಯಿ ಹೇಳಿದ್ದನ್ನು ನೆನಪುಮಾಡಿಕೊಂಡರು. ಹೆಸರು ಅವರಿಗೂ ತಿಳಿಯದು. ಸಂಖ್ಯೆಯನ್ನೂ ಬಣ್ಣವನ್ನೂ ಬರೆದು, ಹೆಸರಿನ ಜಾಗವನ್ನು ಹಾಗೆಯೇ ಬಿಟ್ಟಿದ್ದೇವೆ.